ನಲ್ಲಿ ನೀರಿನ ತೌರುಮನೆ

ಊರಿಂದ ಅಪ್ಪ-ಅಮ್ಮ ಬಂದರು ಅಂದ್ರೆ ನಮ್ಮ ಬೇ ಏರಿಯಾ ಕನ್ನಡಿಗರಿಗೆಲ್ಲ ಒಂದು ಸಿಲೆಬಸ್ ಇದೆ. ಮೊದಲನೇ ವಾರ ಜೆಟ್ ಲ್ಯಾಗು, ಎರಡನೇ ವಾರ ಲಿವರ್‌ಮೋರ್ ದೇವಸ್ಥಾನ, ಮೂರನೇ ವಾರ ಗೋಲ್ಡನ್ ಗೇಟ್ ಮುಂದೆ ಶಾಲು ಹೊದ್ದು ಒಂದು ಫೋಟೋ, ಆಮೇಲೆ ಬಿಡುವು ನೋಡಿಕೊಂಡು ಯೊಸೆಮಿಟಿ. ಇಷ್ಟು ಪೋರ್ಷನ್ ಮುಗಿಸದೆ ವಾಪಸ್ ಕಳಿಸಿದರೆ ಊರಲ್ಲಿ ಮದುವೆ-ಮುಂಜಿಗಳಲ್ಲಿ "ಮಗ ಎಲ್ಲೂ ಕರ್ಕೊಂಡೇ ಹೋಗ್ಲಿಲ್ವಂತೆ" ಅನ್ನೋ ಮಾತು ಬರುತ್ತೆ ನೋಡಿ, ಹಾಗಾಗಿ ಯಾರೂ ರಿಸ್ಕ್ ತಗೊಳ್ಳಲ್ಲ.

2025ರ ಮೇ ತಿಂಗಳಲ್ಲಿ ಅಮ್ಮ ಬಂದಿದ್ದಳು. ಅಪ್ಪ ಹೋದ ಮೇಲೆ ಇದೇ ಮೊದಲ ಸಲ, ಒಬ್ಬಳೇ. ಎಪ್ಪತ್ತೆರಡು ವರ್ಷ, ಮಂಡಿನೋವು ಒಂದು ಬಿಟ್ಟರೆ ಗಟ್ಟಿಮುಟ್ಟು. ಬಂದ ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಅಡುಗೆಮನೆಯಲ್ಲಿ ಲೈಟ್ ಹಾಕಿಕೊಂಡು ಕೂತಿದ್ದಳು. ನಾನು ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆಯೋಕೆ ಹೋದೆ.

"ಬ್ಯಾಡ ಬಿಡು, ನಲ್ಲಿದೇ ಕುಡದೆ. ಎಷ್ಟು ಚೆನ್ನಾಗಿದ್ಯೋ ಅಪ್ಪಿ ಈ ನೀರು! ನಮ್ಮ ಕಡೆ ಅಬ್ಬಿ ನೀರಿನ ಹಂಗೇ ಇದೆ. ಎಲ್ಲಿಂದ ಬರ್ತದೆ?"

ಅಬ್ಬಿ ನೀರು ಅಂದ್ರೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳ್ತೀನಿ: ಗುಡ್ಡದ ಮೇಲಿನ ಒರತೆಗೆ ಪೈಪು ಹಾಕಿ, ಮೋಟಾರಿಲ್ಲದೆ, ಕರೆಂಟಿಲ್ಲದೆ, ತಾನೇ ತಾನಾಗಿ ಮನೆ ಬಾಗಿಲಿಗೆ ಇಳಿದು ಬರೋ ನೀರು. ಹಿಂದೆ ಅಡಿಕೆ ದಬ್ಬೆಯಲ್ಲಿ ಬರ್ತಿತ್ತು, ಈಗ ಪ್ಲಾಸ್ಟಿಕ್ ಪೈಪಿನಲ್ಲಿ. ಅಮ್ಮ ಹೇಳಿದ್ದು ಎಷ್ಟು ನಿಜ ಅಂದ್ರೆ, ನಮ್ಮ ಹೇವರ್ಡ್ ಊರಿನ ನಲ್ಲಿ ನೀರೂ ಅಬ್ಬಿ ನೀರೇ. ಸ್ಯಾನ್ ಫ್ರಾನ್ಸಿಸ್ಕೋದವರಿಂದ ನಾವು ಕೊಂಡುಕೊಳ್ಳುವ ಈ ನೀರಿನ ಬಹುಪಾಲು 167 ಮೈಲಿ ದೂರದ ಸಿಯೆರಾ ನೆವಾಡಾ ಬೆಟ್ಟಗಳಿಂದ, ಹೆಚ್ಚೂಕಡಿಮೆ ಪೂರ್ತಿ ಇಳಿಜಾರಿನ ಬಲದಲ್ಲೇ ಬರುತ್ತೆ. ಎಷ್ಟು ಶುದ್ಧ ಅಂದ್ರೆ ಅದನ್ನು ಶೋಧಿಸೋದೂ ಇಲ್ಲ. ಆ ಜಾಗದ ಹೆಸರು ಹೆಚ್ ಹೆಚ್ಚಿ.

"ಎಂತ ಹೆಸರೋ ಅದು, ತರಕಾರಿ ಹೆಚ್ಚಿದ ಹಂಗೆ!" ಅಂತ ನಕ್ಕಳು ಅಮ್ಮ. ನಾನೂ ನಕ್ಕೆ. "ಬೆಟ್ಟದಿಂದ ಬರುತ್ತಮ್ಮ, ಯೊಸೆಮಿಟಿ ಹತ್ರ" ಅಂದು ಮಾತು ಮುಗಿಸಿದೆ. ಅದೊಂದು ಡ್ಯಾಮು, ಅಲ್ಲೊಂದು ಕಣಿವೆ ಮುಳುಗಿದೆ ಅನ್ನೋದನ್ನ ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ನಮ್ಮ ಮನೆಯಲ್ಲಿ ಡ್ಯಾಮು ಅನ್ನೋ ಶಬ್ದ ಸುಮ್ಮಸುಮ್ಮನೆ ಬಾಯಿಗೆ ಬರೋ ಶಬ್ದ ಅಲ್ಲ.

ಅಮ್ಮನ ತೌರು ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿ, ಶರಾವತಿ ಹೊಳೆ ದಂಡೆಯ ಒಂದು ಹಳ್ಳಿ. "ಆಗಿತ್ತು" ಅನ್ನಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಮ್ಮನಿಗೆ ಹನ್ನೊಂದು ವರ್ಷ. 300 ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲೆ ನೀರು ಬಂತು. ಗದ್ದೆ, ಅಡಿಕೆ ತೋಟ, ಕಾನು, ದೇವಸ್ಥಾನ, 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅನ್ನೋ ಹಳೇ ಅಣೆಕಟ್ಟು, ಎಲ್ಲವೂ ಒಳಗೆ. ಡ್ಯಾಮಿನೊಳಗೆ ಡ್ಯಾಮೇ ಮುಳುಗಿತು ಅಂದ್ರೆ ಲೆಕ್ಕ ಹಾಕಿ. ಅಜ್ಜ ಮನೆ ಬಿಚ್ಚಿಸಿ ಹೆಂಚು, ತೊಲೆ ಮತ್ತು ಹೆಬ್ಬಾಗಿಲಿನ ಬಾಗಿಲವಾಡವನ್ನ ಲಾರಿಗೆ ಹಾಕಿಸಿಕೊಂಡು ಆನಂದಪುರದ ಹತ್ತಿರ ಬಂದ. ಅಲ್ಲಿ ಸಿಕ್ಕ ಕಾಸಿನಲ್ಲಿ ಕಟ್ಟಿದ್ದು ಎರಡೇ ಅಂಕಣದ ಮನೆ. ಅದಕ್ಕೆ ಆ ಹಳೇ ಬಾಗಿಲವಾಡವನ್ನೇ ಕೂರಿಸಿದ. ಹಾಗಾಗಿ ನಮ್ಮಜ್ಜನ ಮನೆಯಲ್ಲಿ ಮನೆಗಿಂತ ಬಾಗಿಲೇ ದೊಡ್ಡದು! ಚಿಕ್ಕವರಿದ್ದಾಗ ನಾವು ಅದನ್ನ ನೋಡಿ ನಗ್ತಿದ್ವಿ. ಯಾಕೆ ಅಂತ ಕೇಳೋ ಬುದ್ಧಿ ಬಂದಿದ್ದು ಅಜ್ಜ ಹೋದ ಮೇಲೆ.

ಕರೆಂಟಿಗೋಸ್ಕರ ಊರು ಬಿಟ್ಟುಕೊಟ್ಟ ಅಜ್ಜನ ಆ ಹೊಸ ಮನೆಗೆ ಕರೆಂಟು ಬಂದಿದ್ದು ನಾನು ಹುಟ್ಟಿದ ಮೇಲೆ. ಇದನ್ನೆಲ್ಲ ನಾನು ಹೊಸದಾಗಿ ಹೇಳಬೇಕಾಗಿಲ್ಲ, ಶರಾವತಿ ಯೋಜನೆಯ ಜಾಗದಲ್ಲೇ ಲೋಕೋಪಯೋಗಿ ಇಲಾಖೆಯ ಕೆಲಸದಲ್ಲಿದ್ದು ಎಲ್ಲವನ್ನೂ ಕಣ್ಣಾರೆ ಕಂಡ ನಾ. ಡಿಸೋಜಾ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದಿದ್ದಾರೆ. 'ದ್ವೀಪ'ವನ್ನ ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. ಡಿಸೋಜಾ ಅವರೂ 2025ರ ಜನವರಿಯಲ್ಲಿ ಹೋಗಿಬಿಟ್ಟರು. ಅಮ್ಮನಂತೂ ಸಾಗರದಿಂದ ಒಂದು ಗಂಟೆ ದಾರಿಯ ಲಿಂಗನಮಕ್ಕಿ ಡ್ಯಾಮನ್ನ ನೋಡೋಕೆ ಇವತ್ತಿನವರೆಗೂ ಹೋಗಿಲ್ಲ. ಯಾರಾದರೂ ಕರೆದರೆ "ನಂಗೆ ಅಲ್ಲಿ ಎಂತ ಕೆಲಸ?" ಅಂತಾಳೆ.

ಸರಿ, ಯೊಸೆಮಿಟಿಗೆ ಬರೋಣ.

ಮೆಮೋರಿಯಲ್ ಡೇ ವೀಕೆಂಡಲ್ಲಿ ಹೋದರೆ ಅದು ಯೊಸೆಮಿಟಿ ಅಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನು. ಅದಕ್ಕೇ ಒಂದು ವಾರ ಮೊದಲೇ ಒಂದು ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟ್ವಿ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು, ಮುಂದಿನ ಸೀಟಲ್ಲಿ ಅಮ್ಮ. ಹಿಂದೆ ಪುಳಿಯೋಗರೆ, ಮೊಸರನ್ನ, ಚಪಾತಿ ಸುರುಳಿ, ಫ್ಲಾಸ್ಕಿನಲ್ಲಿ ಕಾಫಿ, ಊರಿಂದ ಬಂದ ಹಲಸಿನಕಾಯಿ ಚಿಪ್ಸು. ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳನ್ನ ದಾಟಿ, ಮಂಟೀಕಾ, ಓಕ್‌ಡೇಲ್, ಬಾದಾಮಿ ತೋಟಗಳು... ಅಮ್ಮ ಎಲ್ಲ ನೋಡ್ತಾ, "ಇಷ್ಟೆಲ್ಲ ತೋಟಕ್ಕೆ ನೀರು ಎಲ್ಲಿಂದ?" ಅಂತ ಕೇಳ್ತಾ ಬಂದಳು. ನೀರಿನ ವಿಷಯದಲ್ಲಿ ಮಲೆನಾಡಿನ ಮುದುಕಿಯರ ಕಣ್ಣು ಬಲು ಚುರುಕು.

ಮಾಕಸಿನ್ ಅನ್ನೋ ಊರಿನ ಹತ್ತಿರ ಗುಡ್ಡದ ಮೇಲಿಂದ ದಪ್ಪ ಪೈಪುಗಳು ನೆಟ್ಟಗೆ ಕೆಳಗಿಳಿದು ಒಂದು ಪವರ್ ಹೌಸಿಗೆ ಸೇರೋದು ರಸ್ತೆಗೇ ಕಾಣುತ್ತೆ. ಜೋಗದಲ್ಲಿ ನಿಂತು ನೋಡಿದವರು ಯಾರೂ ಆ ನೋಟ ಮರೆಯಲ್ಲ.

"ಅಪ್ಪೀ, ಅದು ನಮ್ಮ ಜೋಗದ ಪೈಪಿನ ಹಂಗೇ ಇಲ್ವಾ? ಇಲ್ಲೂ ಎಂತದಾದ್ರೂ ಡ್ಯಾಮ್ ಉಂಟಾ?"

"ಇರಬಹುದಮ್ಮ" ಅಂದೆ. ಅಷ್ಟರಲ್ಲಿ ಪ್ರೀಸ್ಟ್ ಗ್ರೇಡ್ ಘಾಟಿ ಶುರುವಾಯ್ತು, ಹಿಂದಿನ ಸೀಟಲ್ಲಿ ಮಗಳು "ಅಪ್ಪಾ, ವಾಂತಿ ಬರ್ತಾ ಇದೆ" ಅಂದಳು. ಆ ಕ್ಷಣಕ್ಕೆ ಅವಳ ವಾಂತಿಯೇ ನನಗೆ ದೇವರು ಕೊಟ್ಟ ವರ.

ಟನಲ್ ವ್ಯೂ ಅನ್ನೋ ಜಾಗದಲ್ಲಿ ಮೊದಲು ಕಾರು ನಿಲ್ಲಿಸಬೇಕು, ಅದು ಪದ್ಧತಿ. ಎಡಗಡೆ ಎಲ್ ಕ್ಯಾಪಿಟನ್ ಬಂಡೆ, ಕಣಿವೆಯ ನೆಲದಿಂದ ಸುಮಾರು 3,000 ಅಡಿ ನೆಟ್ಟಗೆ. ಬಲಗಡೆ ಬ್ರೈಡಲ್‌ವೇಲ್ ಜಲಪಾತ. ನಡುವೆ, ದೂರದಲ್ಲಿ, ಯಾರೋ ಬೆಲ್ಲದಚ್ಚನ್ನ ಕತ್ತಿಯಲ್ಲಿ ಅರ್ಧ ಕೊಯ್ದು ಇಟ್ಟಂತೆ ಹಾಫ್ ಡೋಮ್. ಕೆಳಗೆ ಹಸಿರು ಚಾಪೆ. ನಾನು ಎಷ್ಟೋ ಸಲ ಹೋಗಿದ್ದೀನಿ, ಪ್ರತಿ ಸಲವೂ ಅಲ್ಲಿ ಮಾತು ನಿಂತುಹೋಗುತ್ತೆ. ಅಮ್ಮನೂ ಸುಮ್ಮನೆ ನಿಂತಿದ್ದಳು.

ಮಗಳು ಸ್ಕೂಲಲ್ಲಿ ಕಲಿತಿದ್ದನ್ನ ತನ್ನ ಕಂಗ್ಲಿಷಿನಲ್ಲಿ ಅಜ್ಜಿಗೆ ಪಾಠ ಮಾಡಿದಳು. ನದಿ ಕೊರೆದ ಕಣಿವೆ ಇಂಗ್ಲಿಷಿನ 'ವಿ' ಆಕಾರದಲ್ಲಿರುತ್ತೆ. ಆಮೇಲೆ ಹಿಮಯುಗದಲ್ಲಿ ಹಿಮನದಿ ಇಳಿದು ಬಂದು ಎರಡೂ ಪಕ್ಕದ ಬಂಡೆ ಉಜ್ಜಿ ಉಜ್ಜಿ ಅದನ್ನ 'ಯು' ಮಾಡಿತು. ಪಕ್ಕದ ಸಣ್ಣ ಹೊಳೆಗಳ ಕಣಿವೆಗಳು ಅಷ್ಟು ಆಳ ಆಗಲಿಲ್ಲ, ಮೇಲೆಯೇ ಉಳಿದುಬಿಟ್ಟವು. ಅದಕ್ಕೇ ಆ ಹೊಳೆಗಳೆಲ್ಲ ಈಗ ಅಲ್ಲಿಂದ ಕೆಳಕ್ಕೆ ಧುಮುಕುತ್ತವೆ, ಅದಕ್ಕೇ ಇಷ್ಟೊಂದು ಜಲಪಾತ. "ಹಂಗಾರೆ ಮಂಜುಗಡ್ಡೆ ಕೆತ್ತಿದ ಕಣಿವೆ ಅನ್ನು. ನಮ್ಮದು ಹೊಳೆನೇ ಕೆತ್ತಿದ್ದು" ಅಂದಳು ಅಜ್ಜಿ. ಪಾಠ ಒಂದೇ ಸಲಕ್ಕೆ ಪಾಸು.

ಮಧ್ಯಾಹ್ನ ಯೊಸೆಮಿಟಿ ಫಾಲ್ಸ್ ಬುಡಕ್ಕೆ ಹೋದ್ವಿ. ಮೂರು ಹಂತದಲ್ಲಿ ಒಟ್ಟು 2,425 ಅಡಿ. ನಮ್ಮ ಜೋಗ 830 ಅಡಿ, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಬೆಟ್ಟದ ಹಿಮ ಕರಗೋ ಕಾಲ ಅದು, ನೀರು ಭೋರ್ಗರೀತಿತ್ತು. ತುಂತುರಿಗೆ ಅಮ್ಮನ ಕನ್ನಡಕವೆಲ್ಲ ಒದ್ದೆ. ಸೆರಗಿನಲ್ಲಿ ಒರೆಸಿಕೊಳ್ತಾ ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಕೇಳಿದಳು:

"ಇದನ್ನ ಯಾರೂ ಕಟ್ಟಿ ಹಾಕಿಲ್ವಾ?"

ನನಗೆ ತಕ್ಷಣ ಅರ್ಥ ಆಗಲಿಲ್ಲ. ಅವಳು ಹುಟ್ಟಿದ ಸೀಮೆಯಲ್ಲಿ ಹೊಳೆ ಅಂದ್ರೆ ಕಟ್ಟಿಹಾಕೋದು. ಜೋಗದಲ್ಲಿ ನೀರು ಎಷ್ಟು ಬೀಳಬೇಕು ಅನ್ನೋದಕ್ಕೆ ಈಗ ಮಳೆಯೊಂದೇ ಸಾಲದು, ಮೇಲೆ ಲಿಂಗನಮಕ್ಕಿ ತುಂಬಿ ಗೇಟು ತೆಗೆಯಬೇಕು. ಬೇಸಿಗೆಯಲ್ಲಿ ಹೋದವರಿಗೆ ಬಂಡೆ ದರ್ಶನ. ಇಷ್ಟು ದೊಡ್ಡ ನೀರು ಯಾರ ಕೆಲಸಕ್ಕೂ ಇಲ್ಲದೆ ಸುಮ್ಮನೆ ಬೀಳ್ತಾ ಇದೆ, ಯಾರೂ ಕಣ್ಣು ಹಾಕಿಲ್ಲ ಅನ್ನೋದು ಅಮ್ಮನಿಗೆ ನಂಬಿಕೆಯೇ ಆಗಲಿಲ್ಲ.

"ಇದನ್ನ ಕಟ್ಟಲಿಲ್ಲಮ್ಮ" ಅಂದೆ. "ಪಕ್ಕದ್ದನ್ನ ಕಟ್ಟಿದರು."

ಆ ರಾತ್ರಿ ಗ್ರೋವ್‌ಲ್ಯಾಂಡಿನ ಮೋಟೆಲಿನಲ್ಲಿ ಪುಳಿಯೋಗರೆ ತಿನ್ನುತ್ತಾ ಪೂರ್ತಿ ಕತೆ ಹೇಳಿದೆ. ಅಮೆರಿಕ ತನ್ನ ಒಳಜಗಳದ ಯುದ್ಧದಲ್ಲಿ ಮುಳುಗಿದ್ದಾಗಲೇ, 1864ರಲ್ಲಿ, ಅಬ್ರಹಾಂ ಲಿಂಕನ್ ಸಹಿ ಹಾಕಿ ಯೊಸೆಮಿಟಿ ಕಣಿವೆಯನ್ನ ಜನರಿಗಾಗಿ ಕಾಯ್ದಿಟ್ಟ. 1890ರಲ್ಲಿ ಸುತ್ತಲಿನ ಬೆಟ್ಟಗಳೆಲ್ಲ ಸೇರಿ ರಾಷ್ಟ್ರೀಯ ಉದ್ಯಾನ ಆಯ್ತು. ಅದೇ ಉದ್ಯಾನದೊಳಗೆ, ಟ್ಯುವಾಲಮಿ ನದಿಯ ಮೇಲೆ, ಯೊಸೆಮಿಟಿಯ ಅವಳಿಯಂಥ ಇನ್ನೊಂದು ಕಣಿವೆ ಇತ್ತು. ಹಾಗಂತ ಬರೆದವನು ಜಾನ್ ಮ್ಯೂರ್. ಅವನು ಸಿಯೆರಾ ಬೆಟ್ಟಗಳಲ್ಲಿ ಹುಚ್ಚನ ಹಾಗೆ ಅಲೆದವನು, 1892ರಲ್ಲಿ ಸಿಯೆರಾ ಕ್ಲಬ್ ಕಟ್ಟಿದವರಲ್ಲಿ ಒಬ್ಬ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪ ಆಗಿ, ನೀರಿನ ಪೈಪುಗಳು ಒಡೆದು, ಊರು ದಿನಗಟ್ಟಲೆ ಹೊತ್ತಿ ಉರಿಯಿತು. ಮೊದಲಿಂದಲೂ ಆ ಕಣಿವೆ ಮೇಲೆ ಕಣ್ಣಿದ್ದ ನಗರದವರ ಮಾತಿಗೆ ಆಗ ತೂಕ ಬಂತು. ವರ್ಷಗಟ್ಟಲೆ ದೇಶವಿಡೀ ಜಗಳ. ಕೊನೆಗೆ 1913ರ ಡಿಸೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ರೇಕರ್ ಕಾಯ್ದೆಗೆ ಸಹಿ ಹಾಕಿದ. ಮರುವರ್ಷ ಕ್ರಿಸ್‌ಮಸ್ ಹಿಂದಿನ ದಿನ ಮ್ಯೂರ್ ಸತ್ತ. 1923ಕ್ಕೆ ಡ್ಯಾಮು ಎದ್ದಿತು, 1938ರಲ್ಲಿ ಇನ್ನೂ ಎತ್ತರ ಮಾಡಿದರು. ನೀರು ನಗರದ ಕಡೆ ಮುಟ್ಟಿದ್ದು 1934ರ ಅಕ್ಟೋಬರಿನಲ್ಲಿ. ಆ ಯೋಜನೆಗೆ ಜೀವ ತೇಯ್ದ ಮುಖ್ಯ ಇಂಜಿನಿಯರ್ ಓಶಾನೆಸಿ, ಅವನ ಹೆಸರೇ ಡ್ಯಾಮಿಗೆ ಇಟ್ಟಿದ್ದಾರೆ, ಅದನ್ನ ನೋಡೋಕೆ ಇರಲಿಲ್ಲ. ಕೆಲವೇ ದಿನ ಮೊದಲು ತೀರಿಕೊಂಡಿದ್ದ.

ಅಮ್ಮ ಎಲ್ಲ ಕೇಳಿಸಿಕೊಂಡು, ಕೈ ತೊಳೆದು ಬಂದು, "ಅಂದ್ರೆ ನಿಮ್ಮನೆ ನಲ್ಲಿಲಿ ಬರೋದು ಇದೇ ನೀರು" ಅಂದಳು.

"ಹೂಂ."

"ಅವತ್ತೇ ಹೇಳ್ಬಹುದಿತ್ತು."

"ನಿಂಗೆ ಬೇಜಾರಾಗುತ್ತೆ ಅಂತ..."

"ಬೇಜಾರು ಎಂತಕ್ಕೆ? ನೀರು ಕುಡಿದಾಗಿದೆ. ನಾಳೆ ಹೋಗುವ ಅಲ್ಲಿಗೆ."

ತೌರಿನ ಪಕ್ಕದ ಲಿಂಗನಮಕ್ಕಿಯನ್ನ ಅರವತ್ತು ವರ್ಷ ನೋಡದವಳು ಏಳು ಸಮುದ್ರದಾಚೆಯ ಡ್ಯಾಮು ನೋಡಬೇಕು ಅಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಹೆಚ್ ಹೆಚ್ಚಿಗೆ ಹೋಗೋ ದಾರಿ ಯೊಸೆಮಿಟಿ ಗೇಟಿಗಿಂತ ಸ್ವಲ್ಪ ಮೊದಲೇ ಎಡಕ್ಕೆ ತಿರುಗುತ್ತೆ, ಎವರ್‌ಗ್ರೀನ್ ರೋಡ್ ಅಂತ. ಅಲ್ಲಿಂದ ಹದಿನಾರು ಮೈಲಿ. ದಾರಿಯುದ್ದಕ್ಕೂ 2013ರ ರಿಮ್ ಫೈರ್ ಕಾಡ್ಗಿಚ್ಚಿನಲ್ಲಿ ಸುಟ್ಟ ಮರಗಳ ಕಡ್ಡಿಗಳು. ಹೋಗೋರಿಗೆ ಒಂದೆರಡು ಮಾತು: ಆ ಕಡೆಯ ಗೇಟು ಹಗಲು ಹೊತ್ತು ಮಾತ್ರ ತೆರೆದಿರುತ್ತೆ, ಸಂಜೆ ಮುಚ್ಚಿಬಿಡ್ತಾರೆ. ಹೋಟೆಲು, ಪೆಟ್ರೋಲು ಏನೂ ಇಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಿ. ಕುಡಿಯೋ ನೀರಾದ್ದರಿಂದ ಈಜುವಂತಿಲ್ಲ, ದೋಣಿ ಬಿಡುವಂತಿಲ್ಲ. ಏಪ್ರಿಲ್-ಮೇ ಒಳ್ಳೆ ಸಮಯ, ಬೇಸಿಗೆ ಏರಿದ ಮೇಲೆ ಬಿಸಿಲು ಕೊಲ್ಲುತ್ತೆ. ಯೊಸೆಮಿಟಿಯಲ್ಲಿ ಪಾರ್ಕಿಂಗಿಗೆ ಒಂದು ಗಂಟೆ ಸುತ್ತಿದ್ದ ನಾವು ಇಲ್ಲಿ ಆರಾಮಾಗಿ ನಿಲ್ಲಿಸಿದ್ವಿ.

ಇಳಿದು ನೋಡಿದರೆ, ಒಂದು ಕ್ಷಣ ಮತ್ತೆ ಯೊಸೆಮಿಟಿಯೇ. ಬಲಕ್ಕೆ ಕೊಲಾನಾ ಅನ್ನೋ ಹೆಬ್ಬಂಡೆ, ಎಡಕ್ಕೆ ವಪಾಮಾ ಜಲಪಾತ ದಬದಬ ಬೀಳ್ತಾ ಇದೆ, ಅದರ ಪಕ್ಕ ದಾರದೆಳೆಯಂತೆ ಇನ್ನೊಂದು. ಬಂಡೆಗಳು ಅವೇ, ಜಲಪಾತಗಳು ಅವೇ, ಹಸಿರು ಚಾಪೆ ಇರಬೇಕಾದ ಕಡೆ ಮಾತ್ರ ನೀಲಿ ನೀರು. ಸುಳ್ಳು ಯಾಕೆ ಹೇಳಲಿ, ಅದೂ ಚೆನ್ನಾಗಿಯೇ ಇದೆ.

ಅಮ್ಮ ಡ್ಯಾಮಿನ ತುದಿಯಲ್ಲಿ ನಿಂತು ನೀರನ್ನ ಈ ತುದಿಯಿಂದ ಆ ತುದಿಗೆ ಅಳೆದಳು. ನಾನು ಉಸಿರು ಬಿಗಿ ಹಿಡಿದಿದ್ದೆ.

"ಇಷ್ಟೇನಾ?"

ನನಗೆ ನಗು ತಡೆಯೋಕಾಗಲಿಲ್ಲ. ಅವಳು ಹೇಳಿದ್ದು ಲೆಕ್ಕಕ್ಕೂ ಸರಿ. ಹೆಚ್ ಹೆಚ್ಚಿಯಲ್ಲಿ ನಿಲ್ಲೋ ನೀರು ನಮ್ಮ ಲೆಕ್ಕದಲ್ಲಿ 16 ಟಿಎಂಸಿಗೂ ಕಡಿಮೆ, ಲಿಂಗನಮಕ್ಕಿಯದು 151 ಟಿಎಂಸಿ. ಇಲ್ಲಿ ಮುಳುಗಿದ್ದು ಸುಮಾರು 8 ಚದರ ಕಿಲೋಮೀಟರು, ಅಲ್ಲಿ ಅದರ ನಲವತ್ತು ಪಟ್ಟು. "ಇಷ್ಟಕ್ಕೇ ನೂರು ವರ್ಷದಿಂದ ಗಲಾಟೆ ಮಾಡ್ತಾರಾ ಇವ್ರು?" ಅಂತ ಅವಳಿಗೆ ನಿಜಕ್ಕೂ ಆಶ್ಚರ್ಯ.

ಗಲಾಟೆ ನಿಂತಿಲ್ಲ. 1987ರಲ್ಲಿ ಕೇಂದ್ರದ ಮಂತ್ರಿ ಡೊನಾಲ್ಡ್ ಹೊಡೆಲ್ ಈ ಡ್ಯಾಮನ್ನ ಖಾಲಿ ಮಾಡೋಣ ಅಂದ. ಅದೇ ನದಿಯ ಕೆಳಗೆ ಇದರ ಐದು ಪಟ್ಟಿಗೂ ದೊಡ್ಡದಾದ ಡಾನ್ ಪೆಡ್ರೊ ಜಲಾಶಯ ಇದೆ, ನೀರನ್ನ ಅಂಥ ಕಡೆ ಹಿಡಿದಿಡಬಹುದು ಅನ್ನೋದು ಖಾಲಿ ಮಾಡಿ ಅನ್ನೋರ ವಾದ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದವರು ಇದಕ್ಕೊಂದು ಯೋಜನೆ ತಯಾರಿಸಬೇಕಾ ಬೇಡವಾ ಅಂತ ಮತ ಹಾಕಿದರು. ನೂರಕ್ಕೆ 77 ಮಂದಿ ಬೇಡ ಅಂದರು. ಪರಿಸರ ಪರಿಸರ ಅಂತ ದೇಶಕ್ಕೆಲ್ಲ ಪಾಠ ಹೇಳೋ ಊರು ಅದು! ನನಗೆ ಆ ಊರಿನಲ್ಲಿ ಮತ ಇಲ್ಲ, ಆದರೆ ಆಗ ಆಫೀಸಿನ ಊಟದ ಟೇಬಲಿನಲ್ಲಿ ಮಾತು ಬಂದಾಗ ನಾನೂ ದೊಡ್ಡ ದನಿಯಲ್ಲಿ "ಒಂದು ಹುಲ್ಲುಗಾವಲಿಗೋಸ್ಕರ ಅಷ್ಟು ಜನರ ನೀರಿಗೆ ಕೈ ಹಾಕ್ತಾರಾ, ಹುಚ್ಚಾ ಇವ್ರಿಗೆ?" ಅಂದಿದ್ದೆ. ಎಲ್ಲರೂ ತಲೆಯಾಡಿಸಿದ್ದರು. 1960ರ ದಶಕದಲ್ಲಿ ಬೆಂಗಳೂರಿನ ಯಾವುದೋ ಕ್ಯಾಂಟೀನಿನಲ್ಲಿ ಯಾರೋ ನಮ್ಮಜ್ಜನ ಊರಿನ ಬಗ್ಗೆ ಇದೇ ಮಾತು ಆಡಿರಬಹುದು ಅಂತ ಆಗ ನನಗೆ ಹೊಳೀಲಿಲ್ಲ. ಮುಳುಗಡೆ ಹೆಣ್ಣಿನ ಮಗ ನಾನು. ಶರಾವತಿ ಕರೆಂಟಿನಲ್ಲಿ ಬೆಂಗಳೂರಲ್ಲಿ ಓದಿದೆ, ಹೆಚ್ ಹೆಚ್ಚಿ ನೀರು ಕುಡಿದು ಇಲ್ಲಿ ಸಂಸಾರ ಮಾಡ್ತಿದೀನಿ. ಎರಡೂ ಕಡೆ ನಾನು ಕೂತಿರೋದು ನಲ್ಲಿಯ ಈ ತುದಿಯಲ್ಲಿ.

ಅಮ್ಮನನ್ನೇ ಕೇಳಿದೆ, ಖಾಲಿ ಮಾಡಬೇಕಾ ಅಂತ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಒಂದು ಬರಗಾಲದಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ನಿಮ್ಮ ಮಾವ ಹೋಗಿ ನೋಡಿ ಬಂದಾನಲ್ಲ. ಕೆಸರು, ಮರದ ಬುಡ. ಹಿತ್ಲಲ್ಲಿ ಹೊರಕ್ಕಾಗದೆ ಬಿಟ್ಟು ಬಂದ ಒರಳುಕಲ್ಲು ಇತ್ತಂತೆ. ಬಿಟ್ರೆ ಹುಲ್ಲು ಬರ್ತದೆ ಅಪ್ಪಿ, ಮರನೂ ಬರ್ತದೆ. ಜನ ಬರೂದಿಲ್ಲ."

ಆಮೇಲೆ ಅವಳೇ ಕೇಳಿದಳು. "ಇಲ್ಲಿ ಯಾರಿದ್ರು? ಅವರಿಗೆಲ್ಲ ಬದ್ಲಿ ಜಮೀನು ಕೊಟ್ರಾ?"

ಇಷ್ಟು ವರ್ಷ ಈ ವಿಷಯ ಓದಿದ್ದೀನಿ, ನನಗೆ ಈ ಪ್ರಶ್ನೆ ಬಂದೇ ಇರಲಿಲ್ಲ ನೋಡಿ. ಹೆಚ್ ಹೆಚ್ಚಿ ಅನ್ನೋದೇ ಮಿವೊಕ್ ಜನರ ಮಾತು, ಅಲ್ಲಿ ಬೆಳೀತಿದ್ದ, ಕಾಳು ತಿನ್ನೋಕೆ ಬರುವ ಒಂದು ಹುಲ್ಲಿನ ಹೆಸರು. ಮಿವೊಕ್ ಮತ್ತು ಪಾಯೂಟ್ ಜನ ಓಕ್ ಕಾಯಿ, ಕಾಳು ಕೂಡಿಸೋಕೆ ಆ ಕಣಿವೆಗೆ ಬರ್ತಿದ್ದರು. ಯೊಸೆಮಿಟಿಯಲ್ಲೂ ಅಷ್ಟೇ. ಲಿಂಕನ್ ಸಹಿ ಹಾಕೋಕೆ ಹದಿಮೂರು ವರ್ಷ ಮೊದಲು, 1851ರಲ್ಲಿ, ಚಿನ್ನ ಹುಡುಕೋಕೆ ಬಂದವರ ಒಂದು ದಂಡು ಆ ಕಣಿವೆಗೆ ನುಗ್ಗಿ ಅಲ್ಲಿಯ ಅವಾನೀಚಿ ಜನರ ಗುಡಿಸಲನ್ನೂ ಕೂಡಿಟ್ಟಿದ್ದ ಕಾಳನ್ನೂ ಸುಟ್ಟು ಅವರನ್ನ ಓಡಿಸಿತ್ತು. ನಾವು ಟನಲ್ ವ್ಯೂನಲ್ಲಿ ನಿಂತು "ಆಹಾ, ಎಷ್ಟು ನಿರ್ಜನ" ಅನ್ನೋದು ಆ ಮೇಲಿನ ಕತೆ. ಮ್ಯೂರ್ ಹೆಚ್ ಹೆಚ್ಚಿಯ ಬಂಡೆಗೆ, ಜಲಪಾತಕ್ಕೆ, ಹೂವಿಗೆ ವಕಾಲತ್ತು ಮಾಡಿದ. ಆ ಹುಲ್ಲಿನ ಕಾಳು ತಿಂದವರ ಕಡೆ ಈ ವಾದದಲ್ಲಿ ವಕೀಲರೇ ಇರಲಿಲ್ಲ. ಬದಲಿ ಜಮೀನಿನ ಮಾತಂತೂ ದೂರ.

"ನಮಗಾದ್ರೆ ಪಟ್ಟೆ ಕೊಡ್ತೀವಿ ಅಂತ ಬಾಯಲ್ಲಾದ್ರೂ ಹೇಳಿದ್ರು" ಅಂದಳು ಅಮ್ಮ. ಅರವತ್ತು ವರ್ಷ ಆದಮೇಲೂ ಎಷ್ಟೋ ಮುಳುಗಡೆ ಕುಟುಂಬಗಳ ಜಮೀನಿನ ಕಾಗದ ಕಾಡು-ಕಂದಾಯದ ನಡುವೆ ಸಿಕ್ಕಿಕೊಂಡೇ ಇದೆ. ಅವಳ ತಮ್ಮ, ಅಂದ್ರೆ ನನ್ನ ಮಾವ, ಈಗಲೂ ಫೈಲು ಹಿಡಿದುಕೊಂಡು ಓಡಾಡ್ತಾನೆ.

ಡ್ಯಾಮಿನ ಮೇಲೆ ಸುಮಾರು 900 ಅಡಿ ನಡೆದರೆ ಆ ಕಡೆ ಒಂದು ಸುರಂಗ, ಅದನ್ನ ದಾಟಿದರೆ ನೀರಿನ ಅಂಚಲ್ಲಿ ಕಾಲುದಾರಿ. ಮಂಡಿನೋವಿನ ಅಮ್ಮ ಅಷ್ಟೂ ನಡೆದಳು. ಆ ಕಡೆ ಒಂದು ಚಪ್ಪಟೆ ಬಂಡೆ ಮೇಲೆ ಕೂತ್ವಿ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಆದರೆ ಮಗಳು ಹಿಂದಿನ ರಾತ್ರಿಯೇ ಮೋಟೆಲಿನಲ್ಲಿ ಡ್ಯಾಮಿಗಿಂತ ಮೊದಲಿನ ಕಣಿವೆಯ ಹಳೇ ಫೋಟೋ ಹುಡುಕಿ ಇಟ್ಟುಕೊಂಡಿದ್ದಳು. ಅಗಲವಾದ ಹುಲ್ಲುಗಾವಲು, ಅದರೊಳಗೆ ಡೊಂಕಾಗಿ ಹರಿಯೋ ಹೊಳೆ, ಹಿಂದೆ ಇದೇ ಕೊಲಾನಾ ಬಂಡೆ. ಅಮ್ಮ ಫೋನನ್ನ ನೀರಿನೆದುರು ಹಿಡಿದು ಒಮ್ಮೆ ಅದನ್ನ, ಒಮ್ಮೆ ಇದನ್ನ ನೋಡಿದಳು.

"ಇವ್ರತ್ರ ಫೋಟೋನಾದ್ರೂ ಇದೆ. ನಮ್ಮದಕ್ಕೆ ಅದೂ ಇಲ್ಲ."

"ಹಾಗಾದ್ರೆ ಹೇಗಿತ್ತು ಅಜ್ಜಿ?" ಅಂದಳು ಮಗಳು.

ಅಮ್ಮ ಸುತ್ತ ನೋಡಿದಳು. ಪೈನ್ ಕಾಯಿ, ಕಡ್ಡಿ, ಸಣ್ಣ ಕಲ್ಲು ಬಿದ್ದಿದ್ದವು. "ನೋಡು ಕೂಸೇ" ಅಂತ ಬಂಡೆ ಮೇಲೆ ಒಂದು ಉದ್ದ ಕಡ್ಡಿ ಇಟ್ಟಳು. ಅದು ಹೊಳೆ. ಒಂದು ಕಲ್ಲು, ಅದು ಮನೆ. ಮನೆ ಕೆಳಗೆ ಪೈನ್ ಕಾಯಿಗಳ ಮೂರು ಸಾಲು, ಅಡಿಕೆ ತೋಟ. ಇಲ್ಲಿ ಗದ್ದೆ, ಇಲ್ಲಿ ಕೊಟ್ಟಿಗೆ, ಇಲ್ಲಿ ಹೊಳೆಗೆ ಹಾಕಿದ ಸಂಕ, ಆಚೆ ಶಾಲೆ, ನಾಲ್ಕನೇ ಕ್ಲಾಸಿನವರೆಗೆ. "ಈ ಮನೆಲಿ ಒಬ್ಬಳು ಹುಡುಗಿ ಇದ್ಲು, ನನ್ನ ಜೊತೆಗೆ ಶಾಲೆಗೆ ಬರ್ತಿದ್ಲು. ಅವರನ್ನ ಶಿಕಾರಿಪುರದ ಕಡೆ ಕಳಿಸಿದ್ರು. ಆಮೇಲೆ ಎಲ್ಲಿ ಹೋದ್ಲೋ." ಹೇಳ್ತಾ ಹೇಳ್ತಾ ಒಂದು ಕಲ್ಲು ಎತ್ತಿ, "ಇಲ್ಲ, ಇದು ಇಲ್ಲಲ್ಲ" ಅಂತ ನಾಲ್ಕು ಬೆರಳು ಆಚೆ ಇಟ್ಟಳು. ಅಷ್ಟು ಕರಾರುವಾಕ್ಕು. ನಾನು ನಲವತ್ತೇಳು ವರ್ಷದಲ್ಲಿ ಕೇಳದಿದ್ದ ಊರನ್ನ ನನ್ನ ಮಗಳು ಇಪ್ಪತ್ತು ನಿಮಿಷದಲ್ಲಿ ಕೇಳಿಸಿಕೊಂಡಳು. ಕೊನೆಗೆ ಎದ್ದು ನಿಂತು ಮೇಲಿಂದ ಅದರ ಒಂದು ಫೋಟೋ ತೆಗೆದಳು. ಸದ್ಯಕ್ಕೆ ಆ ಊರಿನದು ಅಂತ ನಮ್ಮ ಮನೆಯಲ್ಲಿರೋದು ಅದೊಂದೇ ಫೋಟೋ. ಹೊರಡುವಾಗ ಒಂದು ಅಳಿಲು ಬಂದು ಎರಡು ಅಡಿಕೆ ಮರ ಎತ್ತಿಕೊಂಡು ಹೋಯ್ತು. "ತಗೊಳ್ಲಿ ಬಿಡು" ಅಂದಳು ಅಮ್ಮ.

ವಾಪಸ್ ಮನೆಗೆ ಬಂದ ರಾತ್ರಿ ಎಲ್ಲರೂ ಸುಸ್ತು. ಅಮ್ಮ ಬಚ್ಚಲಲ್ಲಿ ಕೈಕಾಲು ತೊಳೆದು ಬಂದು, ಅಡುಗೆಮನೆಯಲ್ಲಿ ಒಂದು ಲೋಟ ನೀರು ಹಿಡಿದು ಕುಡಿದಳು. ಮಗಳು ಹಲ್ಲುಜ್ಜುತ್ತಾ ನಲ್ಲಿ ತಿರುಗಿಸಿ ಬಿಟ್ಟಿದ್ದಳು. ದಿನಾ ಹೇಳಿ ಹೇಳಿ ನನಗೆ ಸಾಕಾಗಿದ್ದ ವಿಷಯ. ಅವತ್ತು ಯಾರೂ ಹೇಳದೆ ತಾನೇ ನಿಲ್ಲಿಸಿದಳು. ಎಷ್ಟು ದಿನ ಈ ಜ್ಞಾನ ಇತ್ತು ಅಂತ ಮಾತ್ರ ಕೇಳಬೇಡಿ, ಮಕ್ಕಳು ಮಕ್ಕಳೇ.

ಅಮ್ಮ ಜೂನ್ ಕೊನೆಗೆ ಊರಿಗೆ ಹೋದಳು. ಜುಲೈ 14ಕ್ಕೆ ಸಿಗಂದೂರಿನ ಸೇತುವೆ ಉದ್ಘಾಟನೆ ಆಯ್ತು, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಹಿನ್ನೀರಿನ ಮೇಲೆ, ಎರಡು ಕಿಲೋಮೀಟರಿಗೂ ಉದ್ದ. ನೀರು ನಿಂತು ಅರವತ್ತೊಂದು ವರ್ಷಕ್ಕೆ. ಅಲ್ಲಿಯವರೆಗೆ ಬಸುರಿ ಇರಲಿ, ಹಾವು ಕಚ್ಚಿದವರಿರಲಿ, ಲಾಂಚಿಗೆ ಕಾಯಬೇಕಿತ್ತು. ಒಂದು ಭಾನುವಾರ ಅಮ್ಮ ಫೋನ್ ಮಾಡಿದಳು. ಮಾವನ ಕಾರಿನಲ್ಲಿ ಚೌಡೇಶ್ವರಿ ದರ್ಶನಕ್ಕೆ ಹೋಗಿ ಬಂದಳಂತೆ, ಸೇತುವೆ ಮೇಲೆ.

"ಹೇಗಿದೆಯಮ್ಮ?"

"ಚೆನ್ನಾಗಿದೆ. ಆಚೆಯವರಿಗೆ ಒಳ್ಳೇದಾಯ್ತು. ಲಾಂಚಲ್ಲಾದ್ರೆ ನಿಧಾನಕ್ಕೆ ಹೋಗೂದು, ಆ ಗುಡ್ಡ, ಈ ಗುಡ್ಡ ಗುರುತು ಹಿಡಿದು, ನಮ್ಮನೆ ಇಲ್ಲೇ ಎಲ್ಲೋ ಅಂತ ಒಂದು ಕೈ ಮುಗೀತಿದ್ದೆ" ಅಂದಳು. ಸ್ವಲ್ಪ ಸುಮ್ಮನಾದಳು. "ಈಗ ಎಲ್ಲಿ ಅಂತ ಹುಡುಕೋದ್ರೊಳಗೆ ಆಚೆ ದಡ ಬಂದೇಬಿಡ್ತು ಕಣೋ."